ಗೋಡೆಯ ಮೇಲಿನ ಕೊನೆಯ ಕುದುರೆ

ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರನೆಂದರೆ ಎಲ್ಲರಿಗಿಂತ ಕೊನೆಗೆ ಕುರ್ಚಿ ಸಿಗುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸದಾಗಿ ಈ ಕೆಲಸಕ್ಕೆ ಸೇರುವ ತರುಣರು ಒಮ್ಮೊಮ್ಮೆ ನನ್ನಲ್ಲಿಗೆ ಬಂದು, "ನಿಮ್ಮ ಕಾಲದಾಗ ನೌಕರಿ ಹೆಂಗಿತ್ರಿ ಮಾಸ್ತರ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ. ನಾನು ಯಾವಾಗ ಕಾಯಂ ಆದೆ, ಯಾವಾಗ ಪಗಾರ ಏರಿತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಅದನ್ನು ಬಿಡುತ್ತೇನೆ.

ನನ್ನ ಊರು ರಾಮದುರ್ಗ. ತಂದೆ ಗುಡಿಯ ಬಾಗಿಲುಗಳಿಗೂ ತೊಟ್ಟಿಲುಗಳಿಗೂ ಬಣ್ಣ ಹಚ್ಚುತ್ತಿದ್ದರು. ನಾನು ಮುಂಬಯಿಗೆ ಹೋಗಿ ಡ್ರಾಯಿಂಗ್ ಪರೀಕ್ಷೆಗಳನ್ನು ಮುಗಿಸಿ ಬಂದೆ. ಆಗಿನ್ನೂ ಈ ಶತಮಾನ ಎಳೆಯದು. ಬೈಲಹೊಂಗಲದ ಸಾಲೆಗೆ ನನ್ನನ್ನು ಹಾಕಿದರು. ಸವದತ್ತಿಗೂ ಕಿತ್ತೂರಿಗೂ ಸರದಿಯ ಮೇಲೆ ಹೋಗಿ ಕಲಿಸಬೇಕಾಗಿತ್ತು. ಚಕ್ಕಡಿಯಲ್ಲಿ ಒಂದು ಟ್ರಂಕು, ಟ್ರಂಕಿನಲ್ಲಿ ಕಟ್ಟಿಗೆಯ ಘನ, ಶಂಕು, ಗೋಲ, ಜೊತೆಗೆ ಮುಂಬಯಿಯಿಂದ ತಂದ, ನೋಡಿ ಬರೆಯಲೆಂದು ಮಾಡಿದ ಒಂದು ಗಚ್ಚಿನ ಪಾದ. ಆ ಪಾದದಿಂದಲೇ ನನ್ನ ನೌಕರಿ ಶುರುವಾಯಿತೆನ್ನಬಹುದು. ಸವದತ್ತಿಯಲ್ಲಿ ಮೊದಲ ದಿನ ಅದನ್ನು ಮೇಜಿನ ಮೇಲಿಟ್ಟು, "ಇದನ್ನ ನೋಡಿ ಚಿತ್ರಾ ತೆಗೀರಿ" ಎಂದೆ. ಮರುದಿನ ಅರ್ಧ ವರ್ಗ ಖಾಲಿ. ಹೊಸ ಮಾಸ್ತರ ಮುಂಬಯಿಯಿಂದ ಪ್ಲೇಗಿನ ಹೆಣದ ಕಾಲು ತಂದಿದ್ದಾನೆಂದು ಊರಲ್ಲಿ ಸುದ್ದಿಯಾಗಿತ್ತು. ಒಬ್ಬ ಅಜ್ಜಿ ಸಾಲೆಯ ಬಾಗಿಲಿಗೇ ಬಂದು, "ಯಾರ ಕಾಲೋ ಅದು, ಮಣ್ಣ ಮಾಡಿ ಬಾ, ಪುಣ್ಯಾ ಬರತದ" ಎಂದಳು. ಅವಳ ಇಬ್ಬರು ಮೊಮ್ಮಕ್ಕಳು ಹಿಂದಿನ ವರ್ಷ ಆ ಜಡ್ಡಿನಲ್ಲೇ ಹೋಗಿದ್ದರೆಂದು ಆಮೇಲೆ ತಿಳಿಯಿತು. ಅಂದೇ ಪಾದವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮುಂದೆ ಮಕ್ಕಳ ಎದುರಿಗೆ ನೀರಿನ ತತ್ರಾಣಿ, ಕುಡಗೋಲು, ಬದನೆಕಾಯಿ ಇಟ್ಟೆ. ಇವನ್ನು ಇಡಬೇಕೆಂದು ಪುಸ್ತಕಗಳಲ್ಲಿ ಬರೆದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ಮೇಲಿನ ಅಧಿಕಾರಿ, ಸಾಲೆಗಳ ತಪಾಸಣೆ ಮಾಡುವ ಡೆಪ್ಯುಟಿ ಸಾಹೇಬರು. ಕೆಟ್ಟ ಮನುಷ್ಯರಲ್ಲ. ಮಕ್ಕಳ ಚಿತ್ರಗಳನ್ನು ಪಟ್ಟಿಯಿಂದ ಅಳೆದು ನೋಡುತ್ತಿದ್ದರು. ಗೆರೆ ನೆಟ್ಟಗಿದ್ದರೆ ಸಂತೋಷಪಡುತ್ತಿದ್ದರು. ಅವರು ಒಂದು ಮಳೆಗಾಲದಲ್ಲಿ ನನ್ನನ್ನು ಕರೆಸಿ, ಬೆಳಗಾವಿಯಲ್ಲಿ ಪ್ರದರ್ಶನವೊಂದು ನಡೆಯಲಿದೆ, ಅದಕ್ಕೆ ಹಳೆಯ ವಾಡೆಗಳ ಗೋಡೆಚಿತ್ರಗಳ ನಕಲು ಬೇಕು ಎಂದರು. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಒಳಗಿದ್ದ ಒಂದು ಹಳ್ಳಿಯ ದೇಸಾಯರ ವಾಡೆಗೆ ನನ್ನನ್ನು ಗೊತ್ತು ಮಾಡಿದ್ದರು.

"ಬರೇ ನಕಲ ಸಾಲಂಗಿಲ್ಲ ಮಾಸ್ತರ. ಕೆಳಗ ಅರ್ಥಾ ಬರೀಬೇಕು. ಯಾವ ಕಾಳಗ, ಯಾರ್ ಯಾರು, ಏನ್ ಮಾಡಾಕತ್ತಾರ. ನೋಡಿದ ಮನಶ್ಯಾಗ ತಿಳೀಬೇಕು."

ಅದು ಆ ಸೀಮೆಯಲ್ಲಿ ಹೆಸರಾದ ಚಚಡಿಯ ವಾಡೆಯಷ್ಟು ದೊಡ್ಡದಲ್ಲ. ಹೊರಗೆ ಬುರುಜು, ಒಳಗೆ ಅಂಗಳ, ಅಂಗಳ ದಾಟಿದರೆ ಪಡಸಾಲೆ. ಪಡಸಾಲೆಯ ಉದ್ದನೆಯ ಗೋಡೆಯ ಮೇಲೆ ಆ ಚಿತ್ರ. ಹನ್ನೆರಡು ಹದಿಮೂರು ಕುದುರೆಗಳು ಎಡದಿಂದ ಬಲಕ್ಕೆ ನುಗ್ಗಿ ಓಡುತ್ತಿವೆ. ಎಲ್ಲಕ್ಕೂ ಮುಂದೆ ಒಂದು ಬಿಳಿಯ ಕುದುರೆ, ಬಾಯಿ ತೆರೆದಿದೆ. ಸವಾರರು ಈಟಿ ಎತ್ತಿದ್ದಾರೆ, ರುಮಾಲುಗಳ ತುದಿ ಹಿಂದೆ ಹಾರುತ್ತಿವೆ. ಆದರೆ ಯಾರ ಮೇಲೆ ನುಗ್ಗುತ್ತಿದ್ದಾರೆ ಎಂಬುದು ಇಲ್ಲ. ಬಹಳ ಹಿಂದೆ ಗೋಡೆಯ ಬಲತುದಿಯನ್ನು ಒಡೆದು ಅಡಿಗೆಮನೆಗೆ ಒಂದು ಬಾಗಿಲು ಇಟ್ಟಿದ್ದರು. ವೈರಿಗಳು ಆ ಬಾಗಿಲಿಗೆ ಹೋಗಿಬಿಟ್ಟಿದ್ದರು. ಆ ಸವಾರರೆಲ್ಲ ಈಟಿ ಹಿಡಿದು ಅಡಿಗೆಮನೆಗೆ ನುಗ್ಗುತ್ತಿರುವಂತೆ ಕಾಣುತ್ತಿದ್ದರು. ಮೊದಲ ದಿನ ನನಗೆ ನಗು ಬಂತು.

ಅರ್ಥ ಹೇಳಲು ದೇಸಾಯರು ತಮ್ಮ ಕಾರಭಾರಿಯನ್ನು ಜೊತೆಗೆ ಕೊಟ್ಟರು. ವಾಡೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಮುದುಕ, ಕೈಯಲ್ಲಿ ಬೆತ್ತ. ಬೆತ್ತದ ತುದಿಯಿಂದ ಒಂದೊಂದೇ ಕುದುರೆಯನ್ನು ತೋರಿಸುತ್ತ ಹೋದ.

"ಊರ ಮಂದಿ ಇದನ್ನ ಕಿತ್ತೂರ ಕಾಳಗ ಅಂತಾರ. ನೀವು ಪೆಂಡಾರಿ ಕಾಳಗ ಅಂತ ಬರೀರಿ. ಇಂಗ್ರೇಜಿ ಸಾಹೇಬರ ಕಣ್ಣಿಗೆ ಬೀಳೂ ಕಾಗದ. ಈ ಬಿಳಿ ಕುದರಿಯಾಂವ ನಮ್ಮೂರ ಚನಬಸಪ್ಪನ ಮುತ್ಯಾ. ಇಂವ ಗೌಡರ ಪೈಕಿ. ಈ ಕೆಂಪ ಕುದರಿ ಮ್ಯಾಲಿನಾಂವ ದೇಸಾಯರ ಹಿರ್ಯಾ..." ಹೀಗೆ ಹೇಳುತ್ತ ಎಡತುದಿಗೆ ಬಂದ. ಅಲ್ಲಿ ಕೊನೆಯ ಕುದುರೆ ಉಳಿದೆಲ್ಲವುಗಳಿಗೆ ಬೆನ್ನು ಕೊಟ್ಟು ಎಡಕ್ಕೆ ಓಡುತ್ತಿತ್ತು. ಸವಾರ ಅದರ ಕುತ್ತಿಗೆಗೆ ಬಗ್ಗಿ ಅಪ್ಪಿಕೊಂಡಿದ್ದ. ಕೈಯಲ್ಲಿ ಈಟಿ ಇರಲಿಲ್ಲ.

"ಇಂವ ಓಡಿದಾಂವ" ಎಂದ ಕಾರಭಾರಿ. "ಕುದರಿ ಕಾಲ ನೋಡ್ರಿ, ಅಂಜಿಕಿಗೆ ಹೆಂಗ ನಡಗತಾವ. ಎಂಟ ಕಾಲ ಇದ್ದಂಗ ಕಾಣತಾವ. ಬರದಾಂವ ಶಾಣ್ಯಾ. ಇವನ ಮೊಮ್ಮಗ ಅಲ್ಲೇ ಕುಂತಾನ ನೋಡ್ರಿ."

ಅಂಗಳದಲ್ಲಿ ಐವತ್ತು ದಾಟಿದ ಒಬ್ಬ ರೈತ ಕೂತಿದ್ದ, ವಾಡೆಯ ನೇಗಿಲು ರಿಪೇರಿಗೆ ಬಂದವನು. ಹೆಸರು ನಿಂಗಪ್ಪ. ಅವನಿಗೆ ಕೇಳಿಸಿತ್ತು. ತಲೆ ಎತ್ತಲಿಲ್ಲ.

ಆ ಊರಿನ ಪದ್ಧತಿ ನನಗೆ ತಿಳಿದದ್ದು ಅಂದೇ. ದಸರೆಯ ದಿನ ಚಿತ್ರದಲ್ಲಿದ್ದ ಸವಾರರ ಮನೆತನದವರೆಲ್ಲ ಪಡಸಾಲೆಗೆ ಬಂದು ತಮ್ಮ ತಮ್ಮ ಹಿರಿಯರ ಕುದುರೆಯ ಕೆಳಗೆ ನಿಲ್ಲಬೇಕು. ದೇಸಾಯರು ಒಬ್ಬೊಬ್ಬರಿಗೂ ಬಂಗಾರವೆಂದು ಬನ್ನಿಯ ಎಲೆ ಕೊಡುತ್ತಾರೆ. ಎಲ್ಲರಿಗೂ ಬಲಗೈಯಿಂದ, ನಿಂಗಪ್ಪನ ಮನೆಯವರಿಗೆ ಮಾತ್ರ ಕೊನೆಗೆ, ಎಡಗೈಯಿಂದ. ಬರದೆ ಇರುವಂತಿಲ್ಲ. ಬಾರದಿದ್ದರೆ ಮತ್ತೊಮ್ಮೆ ಓಡಿದರು ಎನ್ನುತ್ತಾರೆ. ಎಡಗೈಯ ಬನ್ನಿಯ ಮನೆಯೆಂದು ಸುತ್ತಿನ ಊರುಗಳಲ್ಲೂ ಹೆಸರಾಗಿತ್ತು. ಹೆಣ್ಣು ಕೊಡುವಾಗ, ತರುವಾಗ ಈ ಮಾತು ಬಾರದೆ ಇರುತ್ತಿರಲಿಲ್ಲ.

ಎರಡು ಮೂರು ದಿನಗಳ ಮೇಲೆ ನಾನೊಬ್ಬನೇ ಕೂತು ನಕಲು ತೆಗೆಯುತ್ತಿದ್ದಾಗ ನಿಂಗಪ್ಪ ಬಂದ. ಹೊಸ್ತಿಲ ಹೊರಗೇ ನಿಂತ.

"ಮಾಸ್ತರ, ಈ ಚಿತ್ರಾ ಬೆಳಗಾವಿಗೆ ಹೋಕ್ಕತೇನ್ರಿ?"

"ಹೌದು."

"ಅಲ್ಲಿ ಭಾಳ ಮಂದಿ ನೋಡತಾರೇನ್ರಿ?"

"ನೋಡತಾರ."

"ನನ್ನ ಮಗಳು ಗಂಗವ್ವನ್ನ ನೋಡಾಕ ಸಿರಸಂಗಿಯವರು ಬರಾವರ ಅದಾರ. ಇಲ್ಲೀತನಕ ನಮ್ಮ ಊರಾಗಿನ ಮಾತು ನಮ್ಮ ಸುತ್ತ ಇತ್ತು. ನೀವು ತೆಗಿಯೂವಾಗ ಆ ಕುದರಿ ಒಂದ ಬಿಟ್ಟರ ನಡಿಯಂಗಿಲ್ಲೇನ್ರಿ? ಮೂಲಿಯಾಗ ಐತಿ. ಯಾರಿಗೂ ಗೊತ್ತಾಗೂದಿಲ್ಲ" ಎಂದ.

ಇರುವುದನ್ನು ಇರುವಂತೆ ತೆಗೆಯುವುದೇ ನನಗೆ ಕಲಿಸಿದ ವಿದ್ಯೆ. ಅದನ್ನೇ ಹೇಳಿದೆ. "ಬಿಡಾಕ ಬರೂದಿಲ್ಲ ನಿಂಗಪ್ಪ. ಗ್ವಾಡಿ ಮ್ಯಾಲೆ ಏನೈತಿ ಅದನ್ನ ತೆಗೀಬೇಕು."

"ಖರೇ ರೀ" ಎಂದು ಅವನು ಹೊರಟುಹೋದ. ವಾದ ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ.

ಕೊನೆಯ ಕುದುರೆಯ ಕೆಲಸವನ್ನು ನಾನು ಕಡೆಗೆ ಇಟ್ಟುಕೊಂಡಿದ್ದೆ. ಹಳೆಯ ಗೋಡೆ, ಬಿರುಕಿನಲ್ಲಿ ಕಣಜದ ಹುಳಗಳು ಗೂಡು ಕಟ್ಟಿದ್ದವು. ಒಂದು ಹುಳ ಮುಖದ ಹತ್ತಿರ ಬಂತೆಂದು ಕೈ ಬೀಸಿದೆ. ಕುಂಚ ತೊಳೆಯುವ ನೀರಿನ ತಂಬಿಗೆ ಹಾರಿ ಗೋಡೆಗೆ ಬಡಿಯಿತು. ದೇಸಾಯರ ಹಿರಿಯರ ಚಿತ್ರಕ್ಕೆ ಬಣ್ಣದ ನೀರು ಸುರಿದಿದ್ದೆ. ಧೋತರದ ಚುಂಗಿನಿಂದ ಒರೆಸಲು ಹೋದರೆ ಒದ್ದೆಯಾದ ಜಾಗದಲ್ಲಿ ಬಣ್ಣ ಕರಗಲಿಲ್ಲ, ಬೇರೆಯೇ ಏನೋ ಮೇಲೆ ಬರತೊಡಗಿತು. ಎಡಕ್ಕೆ ಓಡುವ ಕುದುರೆಯ ಬಾಲದ ಕೆಳಗೆ ಇನ್ನೊಂದು ಕುದುರೆಯ ಮುಖ. ಕಿವಿ, ಕಣ್ಣು, ಲಗಾಮು. ಅದು ಬಲಕ್ಕೆ ನೋಡುತ್ತಿತ್ತು.

ಇನ್ನಷ್ಟು ನೀರು ಹಚ್ಚಿದೆ. ಸುಣ್ಣದ ಬಣ್ಣ ಒದ್ದೆಯಾದರೆ ತೆಳುವಾಗಿ ಒಳಗಿನದು ಕಾಣುತ್ತದೆ. ತಂದೆಯ ಜೊತೆ ಗುಡಿಗಳಲ್ಲಿ ಎಷ್ಟೋ ಸಲ ಇದನ್ನು ನೋಡಿದ್ದೆ, ಆದರೆ ಇಲ್ಲಿ ನನಗೆ ಹೊಳೆದಿರಲಿಲ್ಲ. ಎಂಟು ಕಾಲುಗಳಲ್ಲಿ ನಾಲ್ಕು ಅಂಜಿದ ಕುದುರೆಯವಲ್ಲ, ಕೆಳಗಿದ್ದ ಮೊದಲ ಕುದುರೆಯವು. ಅವು ಉಳಿದ ಕುದುರೆಗಳ ಕಾಲಿನ ಹಾಗೆಯೇ ಮುಂದಕ್ಕೆ ಚಾಚಿದ್ದವು. ಬಗ್ಗಿದ ಸವಾರನ ಬೆನ್ನಿನ ಕೆಳಗೆ ನೆಟ್ಟಗೆ ಕೂತ ಸವಾರನೊಬ್ಬ ಮೂಡಿದ. ಅವನ ಈಟಿ ಎಲ್ಲರ ಈಟಿಗಳ ಸಾಲಿನಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಗೋಡೆ ಆರಿತು, ಅವನು ಮತ್ತೆ ಒಳಗೆ ಹೋದ.

ಗೋಡೆಯ ಮೇಲೆ ಇಷ್ಟೆಲ್ಲ ಕುದುರೆಗಳಲ್ಲಿ ಒಂದೇ ಒಂದನ್ನು ಯಾರೋ ಮೇಲೆ ಬಣ್ಣ ಹಚ್ಚಿ ತಿರುಗಿಸಿದ್ದರು.

ದೇಸಾಯರು ಮೂವತ್ತರ ಒಳಗಿನವರು, ಸೌಮ್ಯ ಸ್ವಭಾವದವರು. ಅವರನ್ನು ಕರೆದು ನೀರು ಹಚ್ಚಿ ತೋರಿಸಿದೆ. ಅವರು ಎರಡು ಸಲ ನೋಡಿದರು. ಆಮೇಲೆ ಒಳಗೆ ಹೋಗಿ ತಾಯಿಯನ್ನು ಕೈಹಿಡಿದು ಕರೆತಂದರು. ಎಲ್ಲರೂ ಅವರನ್ನು ತಾಯಿಸಾಹೇಬ ಎನ್ನುತ್ತಿದ್ದರು. ಅವರು ಗೋಡೆಯನ್ನು ನೋಡಲೂ ಇಲ್ಲ.

"ನನಗ ಗೊತ್ತೈತಿ. ನಾ ಆಗ ಹೊಸದಾಗಿ ಗಂಡನ ಮನಿಗೆ ನಡಿಲಿಕ್ಕೆ ಬಂದಾಕಿ, ಸಣ್ಣಾಕಿ. ನಿಂಗ್ಯಾನ ಅಪ್ಪ ಹೊಳಿ ದಂಡಿ ಹೊಲಾ ಬಿಟ್ಟುಕೊಡಾಕ ಒಲ್ಲೆ ಅಂದ. ಮಾವನವರು ಸಿಟ್ಟಿಗೆದ್ದು ಚಿತ್ರಗಾರನ್ನ ಕರಸಿ, ಅವನ ಅಪ್ಪನ ಕುದರಿ ತಿರವು ಅಂದ್ರು. ಒಂದ ಮಧ್ಯಾನದ ಕೆಲಸಾ. ಚಿತ್ರಗಾರಗ ಊಟಕ್ಕ ನಾನ ನೀಡೇನಿ."

"ಊರ ಮಂದಿಗೆ ಗೊತ್ತಿರಲಿಲ್ಲೇನು ಅವ್ವಾ?" ಎಂದರು ದೇಸಾಯರು.

"ಗೊತ್ತಿತ್ತು. ಮೊದಲ ನಕ್ಕರು. ಆಮ್ಯಾಲೆ ಮರತರು. ಹುಟ್ಟಿದ ಹುಡುಗರಿಗೆ ಅದs ಖರೇ ಆತು." ಮುದುಕಿ ಒಳಗೆ ತಿರುಗುತ್ತ, "ನಾನೂ ಮರತs ಇದ್ದೆ" ಎಂದರು.

ದೇಸಾಯರು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಕೊನೆಗೆ ನನ್ನ ಎದುರು ನಿಂತು, "ಮಾಸ್ತರ, ದಸರಿ ಬರಲಿ. ಎಲ್ಲಾರ ಮುಂದ ನೀವು ಹಿಂಗs ನೀರ ಹಚ್ಚಿ ತೋರಸ್ರಿ. ನಾ ನಿಂಗಪ್ಪಗ ಬಲಗೈಲೆ ಬನ್ನಿ ಕೊಡತೇನಿ" ಎಂದರು. ಅವರ ಮಾತಿನಲ್ಲಿ ಎರಡು ಬಗೆ ಇರಲಿಲ್ಲ. ನನಗೆ ಅಂದು ಬಹಳ ಸಂತೋಷವಾಯಿತು. ಇಂಥ ಕೆಲಸವೂ ಡ್ರಾಯಿಂಗ್ ಮಾಸ್ತರನ ಪಾಲಿಗೆ ಬರುತ್ತದಲ್ಲ ಎಂದುಕೊಂಡೆ.

ನಿಂಗಪ್ಪನಿಗೆ ನಾನೇ ಹೋಗಿ ಹೇಳಿದೆ. ಅವನು ಹೊಲದ ಬದುವಿನಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅವನು ಎದ್ದು ನನ್ನ ಕೈ ಹಿಡಿಯುತ್ತಾನೆ, ಅಳುತ್ತಾನೆ ಎಂದೆಲ್ಲ ನಾನು ದಾರಿಯುದ್ದಕ್ಕೂ ಎಣಿಸಿಕೊಂಡು ಹೋಗಿದ್ದೆ. ಅವನು ಕೇಳಿದ, ಹಗ್ಗ ಹೊಸೆಯುವುದನ್ನು ನಿಲ್ಲಿಸಿದ, ಅಷ್ಟೆ.

"ನಮ್ಮಪ್ಪ ಹೇಳತಿದ್ದ ರೀ. ಸಾಯೂತನಕಾ ಹೇಳಿದ. ನಿಮ್ಮ ಮುತ್ಯಾ ಓಡಿದಾಂವ ಅಲ್ಲ, ಅದನ್ನ ಆಮ್ಯಾಲೆ ತಿರುವ್ಯಾರ ಅಂತ. ನಾವು ಅಣ್ಣತಮ್ಮರು ನಂಬಲಿಲ್ಲ. ಮುದುಕಾ ಮರ್ಯಾದಿ ಉಳಸ್ಕೊಳ್ಳಾಕ ಸುಳ್ಳ ಹೇಳತಾನ ಅಂದಿವಿ. ಅಪ್ಪನ್ನ ಬಿಟ್ಟು ಗ್ವಾಡಿ ನಂಬಿದಿವಿ."

"ಈಗಾದ್ರೂ ತಿಳೀತಲ್ಲ ನಿಂಗಪ್ಪ."

"ನನಗ ಒಬ್ಬ ಅಣ್ಣ ಇದ್ದ ರೀ, ಬಸಪ್ಪ ಅಂತ. ಮಲಪ್ರಭಾ ತುಂಬಿ ಬಂದಾಗ ವಾಡೇದ ದನಾ ಆಚೆ ದಂಡ್ಯಾಗ ಸಿಕ್ಕಿದ್ದು. ಯಾರೂ ಇಳೀಲಿಲ್ಲ. ಅಣ್ಣ ಇಳದ. ಬ್ಯಾಡೋ ಅಂದೆ. 'ಈ ಸಲ ಬಲಗೈಲೆ ಕೊಡತಾರ ನೋಡು' ಅಂದ. ಮೂರ ದಿನಕ್ಕ ಮುನವಳ್ಳಿ ಕಡೆ ಸಿಕ್ಕ." ಅವನು ಕೈಯಲ್ಲಿದ್ದ ಹಗ್ಗವನ್ನು ನೋಡಿದ. "ಅಪ್ಪನ್ನ ನಂಬಿದ್ದರ ಅಂವ ನೀರಿಗೆ ಇಳೀತಿರಲಿಲ್ಲ."

ದಸರೆಯ ದಿನ ದೇಸಾಯರು ಏನು ಮಾಡಲಿದ್ದಾರೆಂದು ಇನ್ನೊಮ್ಮೆ ಹೇಳಿ ಎದ್ದುಬಂದೆ. "ಆಗಲಿ ರೀ" ಎಂದು ಅವನು ಹಗ್ಗ ಕೈಗೆತ್ತಿಕೊಂಡ.

ನಕಲನ್ನು ಮುಗಿಸಿ ಡೆಪ್ಯುಟಿ ಸಾಹೇಬರಿಗೆ ಒಯ್ದೆ. ಗೋಡೆ ಒಣಗಿದ್ದಾಗ ಕಾಣುವಂತೆ ತಿರುಗಿದ ಕುದುರೆಯನ್ನು ಬರೆದು, ಅದರ ಕೆಳಗಿನ ನಾಲ್ಕು ಕಾಲು, ಮುಖ, ಈಟಿಗಳನ್ನು ತೆಳುವಾದ ಗೆರೆಯಲ್ಲಿ ತೋರಿಸಿದ್ದೆ. ಕೆಳಗೆ ಅರ್ಥವನ್ನೂ ಬರೆದಿದ್ದೆ. ಸಾಹೇಬರು ಮೊದಲು ಬಿಳಿ ಕುದುರೆಯನ್ನು ನೋಡಿ ಹೊಗಳಿದರು. ಆಮೇಲೆ ಪಟ್ಟಿ ಹಿಡಿದು ಎಡತುದಿಗೆ ಬಂದರು.

"ಮಾಸ್ತರ, ಕುದರಿಗೆ ಎಷ್ಟ ಕಾಲು?"

"ನಾಲ್ಕು, ಸಾಹೇಬ್ರ."

"ಇಲ್ಲಿ?"

ನಾನು ವಿವರಿಸಿದೆ. ಗೋಡೆ, ನೀರು, ತಾಯಿಸಾಹೇಬರ ಮಾತು, ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ಇರಬಹುದು. ನೀವು ಸುಳ್ಳ ಹೇಳತೀರಿ ಅನ್ನೂದಿಲ್ಲ. ಆದರ ಪ್ರದರ್ಶನಕ್ಕ ಬಂದ ದೊಡ್ಡ ಮಂದಿ ನಮ್ಮ ತಾಲೂಕಿನ ಮಾಸ್ತರಗ ಕುದರಿ ಕಾಲ ಎಣಸಾಕ ಬರೂದಿಲ್ಲ ಅಂತ ನಗತಾರ. ಒಂದ ಮನಿತನದ ಜಗಳಾ ಅಲ್ಲಿ ಯಾಕ ಬೇಕು?" ಎಂದರು. ಮೇಜಿನ ಖಾನೆಯಿಂದ ಸಣ್ಣ ಚೂರಿ ತೆಗೆದು ನನ್ನ ಕಣ್ಣೆದುರಿಗೇ ಆ ತೆಳುಗೆರೆಗಳನ್ನು ಕೆರೆದರು. ಬಹಳ ನಾಜೂಕಾಗಿ ಕೆರೆದರು, ಕಾಗದ ಹರಿಯಲಿಲ್ಲ. ನಾನು ಬರೆದ ಅರ್ಥವನ್ನು ಕತ್ತರಿಸಿ, ಕಾರಭಾರಿ ಹೇಳಿದ ಹೆಸರುಗಳನ್ನು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದರು. ಕೊನೆಯ ಕುದುರೆಯ ಕೆಳಗೆ "ಪಲಾಯನ ಮಾಡುವ ಸವಾರ" ಎಂದಿತ್ತು. ಮೂಲೆಯಲ್ಲಿ ನನ್ನ ಸಹಿ ಇದ್ದೇ ಇತ್ತು. ಹೊಸ ಮಾಸ್ತರರಿಗೆ ಇಲ್ಲಿ ಒಂದು ಮಾತು: ಯಾವುದೇ ಕೆಲಸವನ್ನು ಮೇಲಿನವರಿಗೆ ಒಪ್ಪಿಸುವ ಮೊದಲು ಇನ್ನೊಂದು ಪ್ರತಿ ಮಾಡಿ ಮನೆಯಲ್ಲಿಟ್ಟುಕೊಳ್ಳಿ. ಆಗ ನನಗೆ ಅದು ತಿಳಿಯಲಿಲ್ಲ. ಗೋಡೆ ಇದೆಯಲ್ಲ, ದಸರೆ ದೂರವಿಲ್ಲ ಎಂಬ ಧೈರ್ಯದಲ್ಲಿದ್ದೆ.

ದಸರೆಗೆ ಮೊದಲೇ ಪ್ಲೇಗು ಬಂತು. ಬೈಲಹೊಂಗಲದ ಸಾಲೆ ಮುಚ್ಚಿತು. ನನ್ನನ್ನು ಕಿತ್ತೂರಿಗೆ ಕಳಿಸಿದರು. ಅಲ್ಲಿಯೂ ಎರಡು ವಾರದಲ್ಲಿ ಬಾಗಿಲು ಹಾಕಿದರು. ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂತಿತ್ತು. ಬೆಳಿಗ್ಗೆ ಎದ್ದವರು ಮೊದಲು ಗಡ್ಡೆ ಎದ್ದಿದೆಯೇ ಎಂದು ತಮ್ಮ ಬಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆ ವರ್ಷ ಆ ಹಳ್ಳಿಯಲ್ಲಿ ದಸರೆ ಆಗಲಿಲ್ಲ. ತಾಯಿಸಾಹೇಬರು ಗುಡಿಸಲಿನಲ್ಲೇ ತೀರಿಕೊಂಡರು. ನಿಂಗಪ್ಪನ ಹೆಂಡತಿಯೂ ಹೋದಳು. ಸಿರಸಂಗಿಯವರು ಬರಲೇ ಇಲ್ಲ.

ಬೇಸಿಗೆಯಲ್ಲಿ ಜನ ಮನೆಗಳಿಗೆ ಮರಳಿದ ಮೇಲೆ ನಾನು ವಾಡೆಗೆ ಹೋದೆ. ಪಡಸಾಲೆಯ ಹೊಸ್ತಿಲು ದಾಟಿದವನು ಅಲ್ಲೇ ನಿಂತುಬಿಟ್ಟೆ. ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗಿತ್ತು.

ದೇಸಾಯರು ಬಂದು ನನ್ನ ಪಕ್ಕದಲ್ಲಿ ನಿಂತರು. ತಾಯಿಯ ಸೂತಕಕ್ಕೆ ತೆಗೆಸಿದ ತಲೆಗೂದಲು ಈಗ ಒಂದಿಷ್ಟು ಬೆಳೆದಿತ್ತು. "ಪ್ಲೇಗಿನ ಮನಿಗೆ ಸುಣ್ಣಾ ಹಚ್ಚಾಕ ಸರಕಾರದ ತಂಡಾ ಬಂದಾಗ ನಾ ಗುಡಸಲದಾಗ ಅವ್ವನ ಹಂತೇಕ ಇದ್ದೆ. ಇಲಿ ಬಿದ್ದ ಮನಿ, ಒಂದ ಗ್ವಾಡಿನೂ ಬಿಡಂಗಿಲ್ಲ ಅಂದರಂತ. ಕಾರಭಾರಿ ಬಾಗಲಾ ತಗದ. ಅವನದೇನ ತಪ್ಪು?" ಎಂದರು. ಸುಣ್ಣ ಹಚ್ಚಿದವರದ್ದಾದರೂ ಏನು ತಪ್ಪು? ಅವರಲ್ಲಿಯೂ ಇಬ್ಬರು ಆ ಸುಗ್ಗಿಯಲ್ಲಿ ಸತ್ತಿದ್ದರು.

"ಚಿತ್ರಾ ಹೋದರ ಹೋಗಲಿ. ಮಾತ ಕೊಟ್ಟೇನಿ. ಬರೂ ದಸರಿಗೆ ನೀವು ಬರ್ರಿ ಮಾಸ್ತರ" ಎಂದರು ದೇಸಾಯರು.

ಹೋದೆ. ಬನ್ನಿ ಮುಡಿದು ಬಂದವರೆಲ್ಲ ಪಡಸಾಲೆಯಲ್ಲಿ ಕೂಡಿದರು. ಹಲವು ಮನೆಗಳಲ್ಲಿ ಹಿರಿಯರು ಹೋಗಿ ಮಕ್ಕಳು ಬಂದಿದ್ದರು. ಬರಿ ಬಿಳಿ ಗೋಡೆ. ಆದರೂ ಒಬ್ಬರೂ ತಪ್ಪದೆ ತಮ್ಮ ತಮ್ಮ ಕುದುರೆ ಇದ್ದ ಜಾಗದ ಕೆಳಗೆ ಹೋಗಿ ನಿಂತರು. ಎಡತುದಿಯಲ್ಲಿ ನಿಂಗಪ್ಪ ನಿಂತ.

ದೇಸಾಯರು ತಟ್ಟೆ ಹಿಡಿದು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ತಮ್ಮ ಅಜ್ಜನ ತಪ್ಪನ್ನೂ ಮುಚ್ಚಿಡಲಿಲ್ಲ. "ಇವತ್ತಿನಿಂದ ಎಲ್ಲಾರಿಗೂ ಬಲಗೈ" ಎಂದರು.

ಮೊದಲು ಮಾತಾಡಿದವನು ಬಿಳಿ ಕುದುರೆಯ ಮನೆಯ ಚನಬಸಪ್ಪ. "ಸಾಹೇಬ್ರ, ಇದು ಹುಡಗಾಟಕಿ ಅಲ್ಲ. ನಮ್ಮ ಹಿರ್ಯಾರು ಮುಂದ ಹೋದರು, ಒಬ್ಬಾಂವ ಹಿಂದ ಹೋದ, ಅದಕ್ಕs ಈ ಬನ್ನಿಗೆ ಬೆಲಿ. ಎಲ್ಲಾರೂ ಮುಂದ ಹೋದರು ಅಂದರ ನಮ್ಮದೇನ ಹೆಚ್ಚಾತು? ತೋರಸ್ರಿ, ಎಲ್ಲೈತಿ ಆ ಕುದರಿ?"

ದೇಸಾಯರು ನನ್ನನ್ನು ನೋಡಿದರು. ನಾನು ಕಂಡದ್ದನ್ನು ಕಂಡಹಾಗೆ ಹೇಳಿದೆ. ಗದ್ದಲವಾಯಿತು. ದೇಸಾಯರು ತಾವೇ ಒದ್ದೆ ಅರಿವೆ ತೆಗೆದುಕೊಂಡು ಎಡತುದಿಯ ಗೋಡೆಯನ್ನು ತಿಕ್ಕಿದರು. ಗಟ್ಟಿ ಸುಣ್ಣ, ಮೂರು ನಾಲ್ಕು ಕೈ ಹಚ್ಚಿದ್ದರು. ಬಿಳಿ ನೀರು ಅವರ ಮುಂಗೈಯಿಂದ ಮೊಣಕೈಗೆ ಇಳಿದು ಧೋತರದ ಮೇಲೆ ಸುರಿಯಿತು. ಗೋಡೆಯಲ್ಲಿ ಏನೂ ಕಾಣಲಿಲ್ಲ.

ಆಗ ಕಾರಭಾರಿ ಬೆತ್ತ ಊರಿ ಮುಂದೆ ಬಂದ. ಅವನಿಗೆ ದ್ವೇಷವಿರಲಿಲ್ಲ. ಇಷ್ಟು ವರ್ಷ ನಂಬಿದ್ದನ್ನು ಬಿಡಲು ಅವನಿಂದ ಆಗಲಿಲ್ಲ, ಅಷ್ಟೆ. "ನಾ ಬೆಳಗಾವಿಗೆ ಹೋಗಿ ಪ್ರದರ್ಶನಾ ನೋಡಿ ಬಂದೇನಿ. ಮಾಸ್ತರರ ಚಿತ್ರಾ ಗ್ವಾಡಿಗೆ ತೂಗು ಹಾಕ್ಯಾರ. ಕುದರಿ ಹಿಂದs ಓಡತೈತಿ. ನಾಲ್ಕs ಕಾಲು. ಕೆಳಗ ಓಡಿದಾಂವ ಅಂತ ಬರದೈತಿ, ಮಾಸ್ತರರ ಸಹಿ ಐತಿ. ಹೌದೋ ಅಲ್ಲೋ ಅವರನ್ನs ಕೇಳ್ರಿ" ಎಂದ.

ನಾನು ಡೆಪ್ಯುಟಿ ಸಾಹೇಬರ ಚೂರಿಯ ಕಥೆ ಹೇಳಿದೆ. ಯಾರೋ ಹಿಂದಿನಿಂದ ನಕ್ಕರು. ದೇಸಾಯರು ಅದನ್ನೂ ಲೆಕ್ಕಿಸದೆ ಬಲಗೈಯಲ್ಲಿ ಎಲೆ ಎತ್ತಿಕೊಂಡು ನಿಂಗಪ್ಪನ ಕಡೆಗೆ ನಡೆದರು. ಚನಬಸಪ್ಪ ಹೆಗಲ ಮೇಲಿನ ವಲ್ಲಿಯನ್ನು ಝಾಡಿಸಿದ. "ಆ ಎಲಿ ಆ ಕೈಯಿಂದ ಹೋತು ಅಂದರ ನಾವು ಈ ಹೊಸ್ತಲಾ ತುಳಿಯಂಗಿಲ್ಲ. ನಾವು ಮಾಡೂ ನಿಮ್ಮ ಹೊಲಾನೂ ನೀವs ಮಾಡ್ಕೋರಿ." ಉಳಿದವರೂ ಒಬ್ಬೊಬ್ಬರಾಗಿ ಗೋಡೆಯನ್ನು ಬಿಟ್ಟು ಬಾಗಿಲ ಕಡೆಗೆ ತಿರುಗಿದರು.

ದೇಸಾಯರ ಕೈ ಅರ್ಧಕ್ಕೇ ನಿಂತಿತ್ತು. ಅವರಿಗೆ ಆಗ ಇಪ್ಪತ್ತೆಂಟೋ ಮೂವತ್ತೋ. ಅವರ ಮುಖ ನೋಡಲಾಗದೆ ನಾನು ಕೆಳಗೆ ನೋಡಿದೆ.

ನಿಂಗಪ್ಪ ಎರಡು ಹೆಜ್ಜೆ ಮುಂದೆ ಬಂದ. "ಎಡಗೈಲೇ ಕೊಡ್ರಿ ಸಾಹೇಬ್ರ. ಎತ್ತಿಗೆ ನೀರ ಕುಡಸೂ ಹೊತ್ತಾತು" ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಸಮಾಧಾನ ಹೇಳುವ ಹಾಗಿತ್ತು. ದೇಸಾಯರು ಎಲೆಯನ್ನು ಎಡಗೈಗೆ ಬದಲಾಯಿಸಿದರು. ನಿಂಗಪ್ಪ ಎರಡೂ ಕೈ ಕೂಡಿಸಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ರುಮಾಲಿನಲ್ಲಿ ಸಿಕ್ಕಿಸಿ, ನನ್ನ ಪಕ್ಕದಿಂದಲೇ ಹೊರಗೆ ಹೋದ. ಬಾಗಿಲ ಕಡೆಗೆ ತಿರುಗಿದ್ದವರೆಲ್ಲ ಮತ್ತೆ ಒಳಗೆ ಬಂದು ಪರಸ್ಪರ ಬನ್ನಿ ಕೊಟ್ಟುಕೊಂಡರು.

ಆಮೇಲೆ ನಾನು ಆ ವಾಡೆಗೆ ಹೋಗಲಿಲ್ಲ. ಸಾಲೆಗಳಲ್ಲಿ ಕಲಿಸುವ ರೀತಿ ಬದಲಾಯಿತು. ಅಚ್ಚಿನ ಕಾರ್ಡು ನೋಡಿ ತೆಗೆಯುವುದು ಹೋಗಿ ವಸ್ತು ನೋಡಿ ತೆಗೆಯುವುದು, ಅದೂ ಹೋಗಿ ನೆನಪಿನಿಂದ ತೆಗೆಯುವುದು ಬಂತು. ಗೋಡೆಚಿತ್ರಗಳನ್ನು ಈಗ ಫೋಟೋ ತೆಗೆಯುತ್ತಾರೆ, ನಮ್ಮನ್ನು ಯಾರೂ ಕರೆಯುವುದಿಲ್ಲ. ಒಳ್ಳೆಯದೇ ಆಯಿತು. ಡೆಪ್ಯುಟಿ ಸಾಹೇಬರು ಪೆನ್ಶನ್ ತೆಗೆದುಕೊಂಡು ಹೋಗುವಾಗ ನನ್ನ ಬೆನ್ನು ತಟ್ಟಿ, "ಆ ಕುದರಿಗಳ ಚಿತ್ರಾ ಭಾಳ ಛಲೋ ಆಗಿತ್ತು ಮಾಸ್ತರ" ಎಂದರು. ಅವರು ಮನಸಾರೆ ಹೇಳಿದ್ದರಿಂದ ನಮಸ್ಕಾರ ಮಾಡಿದೆ.

ಕೆಲವು ವರ್ಷಗಳ ಮೇಲೆ ರಜೆಯಲ್ಲಿ ರಾಮದುರ್ಗಕ್ಕೆ ಹೋಗಿದ್ದೆ. ಪೇಟೆಯಲ್ಲಿ ಯಾರೋ ನನ್ನನ್ನು ಹಿಂದಿನಿಂದ ಕರೆದರು. ನೋಡಿದರೆ ನಿಂಗಪ್ಪ. ಬಹಳ ಇಳಿದುಹೋಗಿದ್ದ. ಹೊಲ ಮನೆ ಮಾರಿ ಊರು ಬಿಟ್ಟು ಬಂದಿದ್ದನಂತೆ. ಗಂಗವ್ವನನ್ನು ಅಲ್ಲಿಯ ಒಬ್ಬ ನೇಕಾರನಿಗೆ, ಎರಡನೆಯ ಸಂಬಂಧಕ್ಕೆ ಕೊಟ್ಟು, ತಾನೂ ಅವರ ಜೊತೆಗೇ ಇದ್ದ. ಒತ್ತಾಯ ಮಾಡಿ ಮನೆಗೆ ಕರೆದೊಯ್ದ. ದಾರಿಯಲ್ಲಿ, ಮಗ್ಗಗಳ ಸದ್ದು ಕೇಳುವ ಓಣಿಯ ತಿರುವಿನಲ್ಲಿ ನಿಂತು ನನ್ನ ತೋಳು ಹಿಡಿದ.

"ಮಾಸ್ತರ, ಒಂದ ಮಾತು. ಇಲ್ಲಿ ನಮ್ಮನ್ನ ಯಾರೂ ಏನೂ ಅನ್ನೂದಿಲ್ಲ. ನಿಮ್ಮ ಹಿರ್ಯಾರು ಏನ್ ಮಾಡತಿದ್ದರು ಅಂತ ಕೇಳಿದರು. ಅವರು ಕುದರಿ ಏರಿದವರs ಅಲ್ಲ, ನೇಗಲಾ ಹೊಡದವರು ಅಂತ ಹೇಳೇನಿ. ನೀವು ಆ ಗ್ವಾಡಿ ಮಾತು ಇಲ್ಲಿ ತಗೀಬ್ಯಾಡ್ರಿ."

"ಆದರ ನಿಂಗಪ್ಪ, ಓಡಲಿಲ್ಲ ಅನ್ನೂದು ಖರೇ ಅಲ್ಲೇನು? ಅದನ್ನಾದ್ರೂ ಮೊಮ್ಮಕ್ಕಳಿಗೆ..."

"ಬ್ಯಾಡ್ರಿ. ಖರೇ ಇದ್ದದ್ದೂ ಬ್ಯಾಡ. ಓಡಲಿಲ್ಲ ಅಂದರ, ಓಡಿದ ಅಂತ ಅಂದವರು ಯಾರು ಅಂತ ಕೇಳತಾರ. ಅಲ್ಲಿಂದ ಮತ್ತ ಶುರು ಆಕ್ಕತಿ."

ಆಗಲಿ ಎಂದೆ. ಅವನ ಮನೆಯ ಕಟ್ಟೆಯ ಮೇಲೆ ಕೂತೆವು. ಗಂಗವ್ವ ಮಜ್ಜಿಗೆ ತಂದುಕೊಟ್ಟು, ಇವರು ಯಾರೆಂದು ಅಪ್ಪನನ್ನು ಕೇಳಿದಳು. "ಸಾಲಿ ಮಾಸ್ತರು. ಒಮ್ಮೆ ನಮ್ಮ ಊರಾಗ ಬಂದಿದ್ದರು" ಎಂದ ನಿಂಗಪ್ಪ. ಆಮೇಲೆ ನಾವು ಹತ್ತಿಯ ಧಾರಣೆಯ ಮಾತಾಡಿದೆವು, ಮಳೆಯ ಮಾತಾಡಿದೆವು. ಮಜ್ಜಿಗೆ ಮುಗಿದ ಮೇಲೆ ನಾನು ಎದ್ದೆ.